ಮಿದುಳಿಗೆ ಬೆರೆಸಿದ ಅನುಪಾನ

ಅಣ್ಣನಿಗೆ ನಾಯಿ ಕಚ್ಚಿದ್ದು ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ, ಕೃಷ್ಣರಾಜ ಮಾರುಕಟ್ಟೆಯ ಹೂವಿನ ಸಾಲಿನ ಹಿಂದಿನ ಓಣಿಯಲ್ಲಿ. ಪೇಟೆಯಲ್ಲಿ ನಮ್ಮದೊಂದು ಗ್ರಂಧಿಗೆ ಅಂಗಡಿಯಿತ್ತು. ಅಳಲೆಕಾಯಿ, ಹಿಪ್ಪಲಿ, ಅತಿಮಧುರ, ಜೇನುತುಪ್ಪ, ನಾಟಿ ವೈದ್ಯರು ಬರೆದುಕೊಡುವ ಬೇರುನಾರು ಎಲ್ಲ ಅಲ್ಲಿ ಸಿಗುತ್ತಿತ್ತು. ಅಣ್ಣ ಓದು ಬಿಟ್ಟು ಅಪ್ಪನ ಜೊತೆ ಅಂಗಡಿಯಲ್ಲಿ ಕೂರಲು ಶುರುಮಾಡಿದ್ದ. ಆವತ್ತು ಬೆಳಿಗ್ಗೆ ಪೂಜೆಗೆ ಹೂ ತರಲು ಹೋದವನು ಗೋಣಿಚೀಲಗಳ ಮರೆಯಲ್ಲಿ ಮಲಗಿದ್ದ ನಾಯಿಯನ್ನು ಗಮನಿಸದೆ ದಾಟಿದ. ಅದು ಮೀನಖಂಡಕ್ಕೆ ಬಾಯಿ ಹಾಕಿ, ಜನರ ಕಾಲುಗಳ ನಡುವೆ ನುಸುಳಿ ಎಲ್ಲಿಗೋ ಹೋಯಿತು. ಅಣ್ಣ ಗಾಯಕ್ಕೆ ಕರವಸ್ತ್ರ ಕಟ್ಟಿಕೊಂಡು ಹೋಗಿ ಅಂಗಡಿ ತೆರೆದ. ಸಂಜೆ ಚಾಮರಾಜಪೇಟೆಯ ಮನೆಗೆ ಬಂದಾಗ ಪಂಚೆಯ ಮೇಲಿನ ರಕ್ತದ ಕಲೆ ಅಮ್ಮನ ಕಣ್ಣಿಗೆ ಬಿತ್ತು.

ಕಚ್ಚಿದ ನಾಯಿ ಸಿಕ್ಕಿದ್ದರೆ ಕಟ್ಟಿಹಾಕಿ ಅದಕ್ಕೆ ಹುಚ್ಚು ಹಿಡಿಯುತ್ತದೆಯೇ ಎಂದು ನೋಡಬಹುದಿತ್ತು. ಸಿಗಲಿಲ್ಲ. ಆಸ್ಪತ್ರೆಯಲ್ಲಿ ಹೊಟ್ಟೆಗೆ ಸೂಜಿ ಹಾಕಲು ಆರಂಭಿಸಿದರು. ದಿನಕ್ಕೊಂದು ಸೂಜಿ, ಹೊಕ್ಕುಳಿನ ಸುತ್ತ ಇವತ್ತು ಇಲ್ಲಿ, ನಾಳೆ ಅಲ್ಲಿ. ಅಣ್ಣ ಅದನ್ನೆಲ್ಲ ತಮಾಷೆಯಾಗಿಯೇ ತೆಗೆದುಕೊಂಡಿದ್ದ. ಸೂಜಿಗಳು ಮುಗಿಯುತ್ತ ಬಂದಾಗ ಬೆನ್ನು ನೋಯಲು ಶುರುವಾಯಿತು, ಮೈ ಬೆಚ್ಚಗಾಯಿತು. ಒಂದು ಬೆಳಿಗ್ಗೆ ಹಾಸಿಗೆಯಿಂದ ಏಳಲು ಹೋದವನು ಏಳಲಿಲ್ಲ. "ಅಮ್ಮಾ, ಕಾಲು ನಂದಲ್ಲ ಅನ್ನೋ ಹಾಗಿದೆ" ಎಂದ.

ಅಮ್ಮನಿಗೆ ಒಂದೇ ಭಯ. ಹುಚ್ಚುನಾಯಿ ರೋಗ ಹತ್ತಿದವರು ನೀರು ಕಂಡರೆ ಹೆದರುತ್ತಾರೆಂದು ಅವಳಿಗೆ ಗೊತ್ತಿತ್ತು. ಜಟಕಾ ಬರುವ ಮೊದಲೇ ದೊಡ್ಡ ಲೋಟದ ತುಂಬ ನೀರು ತಂದು ಅವನ ಬಾಯಿಗೆ ಹಿಡಿದಳು. ಅವನು ಗಟಗಟನೆ ಕುಡಿದು ಲೋಟ ಖಾಲಿ ಮಾಡಿ ಇನ್ನಷ್ಟು ಕೇಳಿದ. ಅಮ್ಮ ನೆಲದ ಮೇಲೆ ಕುಸಿದು ಅತ್ತುಬಿಟ್ಟಳು. ಸಂತೋಷಕ್ಕೆ ಹಾಗೆ ಅತ್ತವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

"ಇದು ಹುಚ್ಚುನಾಯಿ ರೋಗ ಅಲ್ಲಮ್ಮ" ಎಂದು ಆಸ್ಪತ್ರೆಯ ಡಾಕ್ಟರೂ ಹೇಳಿದರು. "ಸೂಜಿ ಮದ್ದಿಂದಲೇ ಆಗಿರೋದು. ಎಲ್ಲೋ ಅಪರೂಪಕ್ಕೆ ಹೀಗಾಗತ್ತೆ. ಆ ಮದ್ದನ್ನ ಕುರಿ ಮಿದುಳಿಂದ ತಯಾರು ಮಾಡ್ತಾರೆ. ಅದು ಮೈಯೊಳಗೆ ಹೋದಾಗ ಕೆಲವರ ದೇಹ ತನ್ನ ಮಿದುಳಿನ ಮೇಲೇ, ಬೆನ್ನುಹುರಿ ಮೇಲೇ ತಿರುಗಿ ಬೀಳತ್ತೆ."

ಕುರಿಯ ಮಿದುಳು ಎಂದ ಕೂಡಲೇ ಅಮ್ಮ ಕೊರಳಿನ ಲಿಂಗವನ್ನು ಸೆರಗಿನ ಮೇಲಿಂದಲೇ ಮುಟ್ಟಿಕೊಂಡಳು. ಅಪ್ಪ ಮಾತ್ರ, "ಅದನ್ನ ಕೊಡದೇ ಇದ್ದಿದ್ರೆ?" ಎಂದು ಕೇಳಿದರು.

"ನಾಯಿಗೆ ಹುಚ್ಚಿದ್ದಿದ್ರೆ ಹುಡುಗ ಉಳೀತಿರ್ಲಿಲ್ಲ. ಅದಕ್ಕೇ ಕೊಡ್ತೀವಿ."

ನಾನಾಗ ಹೈಸ್ಕೂಲಿನಲ್ಲಿದ್ದೆ. ಹಿರಿಯರ ನಡುವೆ ಬಾಯಿ ಹಾಕುವ ಅಭ್ಯಾಸವಿರಲಿಲ್ಲ. ಆದರೂ ತಡೆಯಲಾಗದೆ ಕೇಳಿದೆ: "ತನ್ನ ಮಿದುಳಿನ ಮೇಲೆ ತಾನೇ ಯಾಕೆ ತಿರುಗಿ ಬೀಳತ್ತೆ ಸಾರ್?"

ಅವರು ನನ್ನ ಕಡೆ ತಿರುಗಿದರು. "ಗೊತ್ತಿದ್ರೆ ಹೇಳ್ತಿದ್ದೆ ಮಗು" ಎಂದರು.

ಅಣ್ಣ ನಿಧಾನವಾಗಿ ಚೇತರಿಸಿಕೊಂಡ. ಮೊದಲು ಹೆಬ್ಬೆರಳು ಅಲ್ಲಾಡಿತು. ಶಿವರಾತ್ರಿಯ ಹೊತ್ತಿಗೆ ಗೋಡೆ ಹಿಡಿದು ಜಗಲಿಗೆ ಬಂದ. ಮಳೆಗಾಲದ ಹೊತ್ತಿಗೆ ಅಂಗಡಿಗೂ ಹೋದ. ಎಡಗಾಲಿನ ಮುಂಗಾಲು ಮಾತ್ರ ನೆಲ ಕೆರೆಯುವುದು ನಿಲ್ಲಲಿಲ್ಲ. ಅವನ ಚಪ್ಪಲಿಯ ತುದಿ ಸವೆಯುತ್ತಿತ್ತು; ರಸ್ತೆಯ ತಿರುವಿನಲ್ಲೇ ಆ ಸದ್ದು ಕೇಳಿ ಅಮ್ಮ ತಟ್ಟೆ ಹಾಕುತ್ತಿದ್ದಳು.

ಡಾಕ್ಟರು ಹೇಳಿದ ಆ 'ಗೊತ್ತಿಲ್ಲ' ನನ್ನಲ್ಲಿ ಉಳಿದುಬಿಟ್ಟಿತು. ದೊಡ್ಡವರಿಗೆ, ಅದರಲ್ಲೂ ಡಾಕ್ಟರಿಗೆ, ಗೊತ್ತಿಲ್ಲದ ವಿಷಯವೊಂದು ನಮ್ಮ ಮನೆಯ ನಡುಕೋಣೆಯಲ್ಲೇ ಕಾಲೆಳೆದುಕೊಂಡು ಓಡಾಡುತ್ತಿದೆ ಎಂಬುದು ನನಗೆ ಬಹಳ ದೊಡ್ಡದಾಗಿ ಕಾಣುತ್ತಿತ್ತು. ಇಂಟರ್‌ಮೀಡಿಯೆಟ್ ಮುಗಿಸಿ ಪ್ರಾಣಿಶಾಸ್ತ್ರ ತೆಗೆದುಕೊಂಡೆ. ಕಪ್ಪೆ ಕೊಯ್ಯುವ ಓದು ನಮಗ್ಯಾಕೆ ಎಂದು ನೆಂಟರು ಆಡಿಕೊಂಡರು. ಅಪ್ಪ, "ಅವಳಿಷ್ಟ" ಎಂದು ಒಂದೇ ಮಾತಿನಲ್ಲಿ ಮುಗಿಸಿದರು.

ಬಿ.ಎಸ್ಸಿ. ಮುಗಿದ ವರ್ಷ, ಐವತ್ತರ ದಶಕದ ಮೊದಲಲ್ಲಿ, ಮಲ್ಲೇಶ್ವರದ ಒಬ್ಬ ಡಾಕ್ಟರು ಪ್ರಯೋಗಾಲಯಕ್ಕೆ ಸಹಾಯಕರನ್ನು ಹುಡುಕುತ್ತಿದ್ದಾರೆಂದು ನಮ್ಮ ಕಾಲೇಜಿನ ಮೇಡಂ ಹೇಳಿದರು. ಆ ಡಾಕ್ಟರು ಹೊರದೇಶದಲ್ಲಿ ರೋಗಶಾಸ್ತ್ರ ಓದಿ ಬಂದವರು. ಅಡ್ಡರಸ್ತೆಯೊಂದರ ಹೆಂಚಿನ ಮನೆಯಲ್ಲಿ ಮುಂದೆ ಎರಡು ಕೋಣೆ ಪ್ರಯೋಗಾಲಯ, ಹಿಂದೆ ಮಾವಿನ ಮರದ ಕೆಳಗೆ ಬಾಲವಿಲ್ಲದ ದಪ್ಪ ಇಲಿಯಂಥ ಗಿನಿಪಿಗ್‌ಗಳ ಕೊಟ್ಟಿಗೆ. ನಾನು ಹೋದಾಗ ಅವರು ಕನ್ನಡಕ ಹಣೆಯ ಮೇಲೇರಿಸಿ ಕೇಳಿದ್ದು ಒಂದೇ ಪ್ರಶ್ನೆ.

"ಇಲ್ಲಿ ಪ್ರಾಣಿಗಳಿಗೆ ರೋಗ ಬರಿಸಬೇಕಾಗತ್ತೆ, ಕೊಲ್ಲಬೇಕಾಗತ್ತೆ. ನಿಮ್ಮ ಕೈಲಿ ಆಗತ್ತೇನಮ್ಮ?"

ಆಗುತ್ತದೆ ಎನ್ನುವ ಬದಲು ಅಣ್ಣನ ಕಥೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, "ನಾಳೆಯಿಂದ ಬನ್ನಿ. ನಾನು ನೋಡ್ತಿರೋದೂ ಅದನ್ನೇ" ಎಂದರು.

ಅವರು ವಿವರಿಸಿದ್ದು ಹೀಗೆ. ನಾಯಿಕಡಿತದ ಮದ್ದಿನಿಂದ ಕೈಕಾಲು ಬೀಳುವುದನ್ನು ಕಂಡ ಕೆಲವರು, ಬರೀ ಮಿದುಳನ್ನೇ ಅರೆದು ಮಂಗಗಳಿಗೆ ತಿಂಗಳುಗಟ್ಟಲೆ ಚುಚ್ಚಿ ನೋಡಿದ್ದರು. ಅಷ್ಟು ಚುಚ್ಚಿದರೂ ರೋಗ ಬಂದದ್ದು ಕೆಲವಕ್ಕೆ ಮಾತ್ರ. ಆಮೇಲೆ ಯಾರೋ ಅದೇ ಮಿದುಳನ್ನು ಎಣ್ಣೆಯಲ್ಲಿ ಕಡೆದು, ಅದಕ್ಕೆ ಸತ್ತ ಕ್ಷಯದ ರೋಗಾಣು ಸೇರಿಸಿ ಕೊಟ್ಟರು. ಒಂದೆರಡು ಸೂಜಿ ಸಾಕಾಯಿತು, ಕೆಲವೇ ವಾರಗಳಲ್ಲಿ ಪ್ರಾಣಿಗಳ ಕಾಲು ಬಿತ್ತು. ಹೀಗೆ ಜೊತೆಗೆ ಸೇರಿಸುವ ವಸ್ತುವಿಗೆ ಅಡ್ಜುವೆಂಟ್ ಎಂದು ಹೆಸರು. "ಓದಿದೀನಿ ಅಷ್ಟೆ. ನನ್ನ ಕಣ್ಣಾರೆ ನೋಡ್ಬೇಕು" ಎಂದರು ಡಾಕ್ಟರು.

ನಾನು ಮನೆಯಲ್ಲಿ ಇದನ್ನು ಹೇಳಿದ ದಿನ ಅಮ್ಮ ಒಲೆಯ ಮುಂದಿನಿಂದ ಎದ್ದು ಬಂದಳು. "ಕ್ಷಯದ ಹುಳಾನಾ? ಮದುವೆ ಆಗ್ಬೇಕಾದ ಹುಡುಗಿ ಕ್ಷಯದ ಹುಳ ಮುಟ್ತೀಯಾ?"

"ಸತ್ತಿರೋದಮ್ಮ. ಬೇಯಿಸಿ ಒಣಗಿಸಿರೋ ಪುಡಿ."

"ಸತ್ರೂ ಅದರ ಹೆಸರು ಕ್ಷಯಾನೇ."

ಅಣ್ಣ ಜಗಲಿಯಲ್ಲಿ ಕೂತು ಇದನ್ನೆಲ್ಲ ಕೇಳುತ್ತಿದ್ದ. "ಅಂದ್ರೆ ಅನುಪಾನ" ಎಂದ. ಅಂಗಡಿಯಲ್ಲಿ ದಿನವೂ ಬಳಕೆಯಾಗುವ ಮಾತು ಅದು. ಚೂರ್ಣವನ್ನು ಜೇನಿನಲ್ಲೋ ತುಪ್ಪದಲ್ಲೋ ಬಿಸಿನೀರಿನಲ್ಲೋ ಕಲಸಿ ತೆಗೆದುಕೊಳ್ಳುತ್ತೇವಲ್ಲ, ಆ ಜೊತೆ ವಸ್ತು. "ಅದೇ ಚೂರ್ಣ ಜೇನಲ್ಲಿ ಒಂಥರಾ ಕೆಲಸ ಮಾಡತ್ತೆ, ತುಪ್ಪದಲ್ಲಿ ಇನ್ನೊಂಥರಾ. ನಿಮ್ಮ ಡಾಕ್ಟರು ಮಿದುಳಿಗೆ ಅನುಪಾನ ಹುಡುಕ್ತಿದಾರೆ." ಅಲ್ಲಿಂದ ನಮ್ಮ ಮನೆಯಲ್ಲಿ ಅಡ್ಜುವೆಂಟಿಗೆ ಅನುಪಾನ ಎಂದೇ ಹೆಸರಾಯಿತು. ಅಮ್ಮ ಒಂದು ಕಟ್ಟಳೆ ಹಾಕಿ ಒಪ್ಪಿಕೊಂಡಳು: ಹಿತ್ತಿಲ ಬಾಗಿಲಿಂದ ಬಂದು, ತಲೆಗೆ ನೀರು ಹಾಕಿಕೊಂಡ ಮೇಲೆಯೇ ಅಡುಗೆಮನೆಗೆ ಕಾಲಿಡಬೇಕು.

ಎಣ್ಣೆ ಮತ್ತು ನೀರನ್ನು ಒಂದುಮಾಡುವುದು ನಾನಂದುಕೊಂಡಷ್ಟು ಸುಲಭವಾಗಿರಲಿಲ್ಲ. ಮಲಬದ್ಧತೆಗೆ ಔಷಧಿ ಅಂಗಡಿಯಲ್ಲಿ ಮಾರುವ ಬಣ್ಣವಿಲ್ಲದ ಎಣ್ಣೆಯೇ ನಮ್ಮ ಎಣ್ಣೆ. ಅದಕ್ಕೆ ಕುರಿಯ ಉಣ್ಣೆಯಿಂದ ತೆಗೆದ ಜಿಡ್ಡು ಸ್ವಲ್ಪ ಹಾಕಿ, ಉಪ್ಪುನೀರಿನಲ್ಲಿ ಅರೆದ ಗಿನಿಪಿಗ್ ಮಿದುಳನ್ನು ತೊಟ್ಟುತೊಟ್ಟಾಗಿ ಬೆರೆಸುತ್ತ ಕಲ್ಬತ್ತಿನಲ್ಲಿ ತಿರುವಬೇಕು. ಸರಿಯಾಗಿ ಬಂದರೆ ಬೆಣ್ಣೆಯ ಹಾಗೆ ಬೆಳ್ಳಗೆ ಗಟ್ಟಿಯಾಗುತ್ತದೆ. ಬಂದಿದೆಯೋ ಇಲ್ಲವೋ ನೋಡಲು ತಣ್ಣೀರಿನ ತಟ್ಟೆಗೆ ಒಂದು ತೊಟ್ಟು ಬಿಡುವುದು. ಮನೆಯಲ್ಲಿ ಬೆಲ್ಲದ ಪಾಕ ನೋಡುವ ರೀತಿಯೇ. ತೊಟ್ಟು ಮುತ್ತಿನ ಹಾಗೆ ನಿಂತರೆ ಸರಿ, ಹಾಲಿನಂತೆ ಹರಡಿದರೆ ಕೆಟ್ಟಿತು.

ನನ್ನ ಮೊದಲ ಮಿಶ್ರಣ ಹರಡಿತು. ಡಾಕ್ಟರು ಬೈಯಲಿಲ್ಲ. "ಅದನ್ನೂ ಕೊಟ್ಟು ನೋಡೋಣ" ಎಂದರು. ಕೊಟ್ಟೆವು. ವಾರಗಳು ಕಳೆದವು, ಗಿನಿಪಿಗ್‌ಗಳು ಎಲೆಕೋಸು ತಿಂದುಕೊಂಡು ಆರಾಮಾಗಿದ್ದವು. ಮಿದುಳೂ ಇತ್ತು, ಎಣ್ಣೆಯೂ ಇತ್ತು, ಕ್ಷಯದ ಪುಡಿಯೂ ಇತ್ತು. ಒಂದಕ್ಕೊಂದು ಹಿಡಿದುಕೊಂಡಿರಲಿಲ್ಲ, ಅಷ್ಟೇ. ನನಗದು ನಂಬಲಾಗಲಿಲ್ಲ.

ಎರಡನೆಯ ಸಲ ಕಲ್ಬತ್ತನ್ನು ಐಸಿನ ಮೇಲಿಟ್ಟುಕೊಂಡು, ಬೆಳಗಿನಿಂದ ಮಧ್ಯಾಹ್ನದವರೆಗೆ ಅವಸರಪಡದೆ ತಿರುವಿದೆ. ತೊಟ್ಟು ನೀರಿನ ಮೇಲೆ ನಿಂತಿತು. ತಟ್ಟೆಯನ್ನು ಅಲ್ಲಾಡಿಸಿದೆ; ಉರುಳಾಡಿತೇ ಹೊರತು ಒಡೆಯಲಿಲ್ಲ. ಆವತ್ತು ನಾಲ್ಕು ಗೂಡುಗಳ ಪ್ರಾಣಿಗಳಿಗೆ ಸೂಜಿ ಹಾಕಿದೆವು. ಮೊದಲನೆಯ ಗೂಡಿಗೆ ಉಪ್ಪುನೀರಿನಲ್ಲಿ ಮಿದುಳು ಮಾತ್ರ. ಎರಡನೆಯದಕ್ಕೆ ಎಣ್ಣೆಯಲ್ಲಿ ಮಿದುಳು. ಮೂರನೆಯದಕ್ಕೆ ಮಿದುಳು, ಎಣ್ಣೆ, ಸತ್ತ ರೋಗಾಣು ಮೂರೂ. ನಾಲ್ಕನೆಯದಕ್ಕೆ ಎಣ್ಣೆ ಮತ್ತು ರೋಗಾಣು, ಮಿದುಳಿಲ್ಲ.

ಗಿನಿಪಿಗ್‌ಗಳನ್ನು ನೋಡಿಕೊಳ್ಳುತ್ತಿದ್ದವರು ಓಕಳಿಪುರದ ಒಬ್ಬ ವಯಸ್ಸಾದ ತಾತ. ದಿನವೂ ಮಾರುಕಟ್ಟೆಯಲ್ಲಿ ಎಲೆಕೋಸಿನ ಹೊರಗಿನ ಎಲೆಗಳನ್ನು ಆರಿಸಿ ಚೀಲದಲ್ಲಿ ತುಂಬಿಕೊಂಡು ಬರುತ್ತಿದ್ದರು. ಅವರ ಚೀಲದ ಸದ್ದಿಗೆ ಕೊಟ್ಟಿಗೆಯೆಲ್ಲ ಸೀಟಿ ಹೊಡೆಯುತ್ತಿತ್ತು. ಸೂಜಿ ಹಾಕಿ ಎರಡು ವಾರ ದಾಟಿತ್ತೇನೋ, ಒಂದು ಬೆಳಿಗ್ಗೆ ನಾನು ಗೇಟು ತೆಗೆಯುವುದರೊಳಗೆ ತಾತ ಎದುರು ಬಂದರು.

"ಅಮ್ಮಾ, ಮೂರನೇ ಗೂಡಿನವು ಸೊಪ್ಪಿಗೆ ಬರ್ತಾ ಇಲ್ಲ. ಕೂಗ್ತವೆ, ಬರಾಕಾಗ್ತಿಲ್ಲ."

ನಾನು ಕೊಟ್ಟಿಗೆಗೆ ಹೋಗಿ ಬಗ್ಗಿ ನೋಡಿದೆ. ಕಂದುಬಣ್ಣದ ಗಿನಿಪಿಗ್ಗೊಂದು ಎಲೆಯ ಕಡೆಗೆ ಹೊರಟಿತ್ತು. ಮುಂಗಾಲುಗಳು ನಡೆಯುತ್ತಿದ್ದವು, ಹಿಂಗಾಲುಗಳು ಹಿಂದೆ ಎಳೆದುಕೊಂಡು ಬರುತ್ತಿದ್ದವು. ಹುಲ್ಲಿನ ಮೇಲೆ ಆ ಪಾದ ಕೆರೆಯುವ ರೀತಿ ನನಗೆ ಹೊಸದಾಗಿರಲಿಲ್ಲ. ನೆಲದ ಮೇಲೆ ಕೂತುಬಿಟ್ಟೆ. ಪಕ್ಕದ ಗೂಡುಗಳಲ್ಲಿ ಒಂದಕ್ಕಾದರೂ ಏನೂ ಆಗಿರಲಿಲ್ಲ. ಬರೀ ಮಿದುಳಿಗೆ ಆ ಶಕ್ತಿಯಿಲ್ಲ, ಎಣ್ಣೆಗಿಲ್ಲ, ಸತ್ತ ರೋಗಾಣುವಿಗೂ ಇಲ್ಲ. ಮೂರೂ ಸೇರಿದರೆ ಒಂದು ಜೀವ ತನ್ನನ್ನೇ ತಾನು ಮರೆಯುತ್ತದೆ. ಡಾಕ್ಟರು ಬಂದು ನನ್ನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತರು. ತಾತ ಒಂದೊಂದೇ ಎಲೆಯನ್ನು ಅದರ ಬಾಯ ಹತ್ತಿರ ಹಿಡಿಯುತ್ತಿದ್ದರು.

ಕೆಲವು ಪ್ರಾಣಿಗಳು ಸತ್ತವು. ಅವುಗಳ ಬೆನ್ನುಹುರಿಯನ್ನು ತೆಳ್ಳಗೆ ಕೊಯ್ದು, ಬಣ್ಣ ಹಾಕಿ, ಕಿಟಕಿಯ ಬೆಳಕಿಗೆ ಸೂಕ್ಷ್ಮದರ್ಶಕ ಇಟ್ಟು ಡಾಕ್ಟರು ನನ್ನನ್ನು ಕರೆದರು. ಸಣ್ಣ ಸಣ್ಣ ರಕ್ತನಾಳಗಳ ಸುತ್ತ ನೇರಳೆ ಚುಕ್ಕೆಗಳು ಒದ್ದೆದಾರಕ್ಕೆ ಸಾಸಿವೆ ಅಂಟಿಕೊಂಡ ಹಾಗೆ ಕವಿದಿದ್ದವು.

"ಇವು ಯಾರು ಸಾರ್?"

"ಹೊರಗಿನವರಲ್ಲ. ಮೈ ಕಾಯೋ ಬಿಳಿಕಣಗಳೇ. ರಕ್ತದಿಂದ ಇಳಿದು ಬಂದಿವೆ."

"ಎಣ್ಣೆ ಇವಕ್ಕೆ ಏನು ಮಾಡ್ತು?"

ಅವರು ಕಿಟಕಿಯಾಚೆ ನೋಡುತ್ತ ಹೇಳಿದರು: "ಎಣ್ಣೆ ಮದ್ದನ್ನ ಒಂದೇ ಜಾಗದಲ್ಲಿ ಹಿಡಿದಿಟ್ಟು ಸ್ವಲ್ಪ ಸ್ವಲ್ಪಾನೇ ಬಿಡತ್ತೆ ಅಂತ ಕಾಣತ್ತೆ. ರೋಗಾಣು ಸತ್ತಿದ್ರೂ ಮೈಯೆಲ್ಲಾ ಎಬ್ಬಿಸಿಬಿಡತ್ತೆ. ಉಪ್ಪಾರಪೇಟೆ ಸಂತೆಯಂಥ ಗದ್ದಲದಲ್ಲಿ ಯಾರೋ 'ಕಳ್ಳ, ಕಳ್ಳ' ಅಂದ್ರೆ ಏನಾಗತ್ತೆ? ಕಳ್ಳನ ಪಕ್ಕ ನಿಂತಿದ್ದವನಿಗೂ ಒದೆ ಬೀಳತ್ತೆ. ಮಿದುಳು ಹಾಗೆ ಪಕ್ಕದಲ್ಲಿ ನಿಂತಿತ್ತು. ಇಷ್ಟೇ ನನ್ನ ಊಹೆ. ನಿಜವಾಗಿ ಯಾರಿಗೂ ಗೊತ್ತಿಲ್ಲ."

ಅಣ್ಣ ತಾನೂ ನೋಡಬೇಕೆಂದ. ಒಂದು ಭಾನುವಾರ ಕರೆದುಕೊಂಡು ಹೋದೆ. ಸತ್ತವುಗಳನ್ನು ಬಿಟ್ಟು ಉಳಿದವುಗಳಲ್ಲಿ ಒಂದೆರಡು ಚೇತರಿಸಿಕೊಳ್ಳುತ್ತಿದ್ದವು. ಅಣ್ಣ ಗೂಡಿನ ಮುಂದೆ ಕಷ್ಟಪಟ್ಟು ಕೂತು, ಕಂದು ಗಿನಿಪಿಗ್ಗನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಅದರ ಹಿಂಗಾಲನ್ನು ಬೆರಳಿನಿಂದ ನೀವಿದ. ಅದು ಬೆರಳನ್ನು ಮೆಲ್ಲಗೆ ಒದೆಯಿತು.

"ಬರ್ತಾ ಇದೆ" ಎಂದ. "ಮೊದಲು ಬೆರಳು ಬರತ್ತೆ. ಆಮೇಲೆ ಹಿಮ್ಮಡಿ." ಅದನ್ನು ಗೂಡಿಗೆ ಬಿಟ್ಟು ಡಾಕ್ಟರ ಕಡೆ ತಿರುಗಿದ. "ಸಾರ್, ನನಗೆ ಕೊಟ್ಟ ಮದ್ದಲ್ಲಿ ಎಣ್ಣೆ ಇರ್ಲಿಲ್ಲ, ಕ್ಷಯಾನೂ ಇರ್ಲಿಲ್ಲ. ನನಗ್ಯಾಕೆ ಬಂತು?"

ಅಂಥ ಪ್ರಶ್ನೆಯನ್ನು ಡಾಕ್ಟರು ನಿರೀಕ್ಷಿಸಿದ್ದರೋ ಏನೋ, ತಕ್ಷಣ ಉತ್ತರಿಸಿದರು. "ಗೊತ್ತಿಲ್ಲಪ್ಪ. ದಿನಾ ದಿನಾ ಕೊಟ್ಟಿದ್ರಿಂದ ಇರಬಹುದು. ನಿಮ್ಮ ಮೈಯಲ್ಲೇ ಏನೋ ಇದ್ದಿರಬಹುದು. ನಿಮ್ಮ ಜೊತೆ ಸೂಜಿ ತಗೊಂಡ ಎಷ್ಟೋ ಜನಕ್ಕೆ ಏನೂ ಆಗ್ಲಿಲ್ಲ ಅಲ್ವಾ?"

"ಅಂದ್ರೆ ನನ್ನ ಅನುಪಾನ ನನ್ನೊಳಗೇ ಇತ್ತು."

ಡಾಕ್ಟರಿಗೆ ಆ ಮಾತು ಹಿಡಿಸಿತು. ಅದರ ಅರ್ಥ ಕೇಳಿ ತಿಳಿದುಕೊಂಡರು. ಆಮೇಲೆ ಅವರೂ ಒಮ್ಮೊಮ್ಮೆ, "ಈ ಸಲ ಅನುಪಾನ ಕಡಿಮೆ ಮಾಡೋಣ" ಎನ್ನುತ್ತಿದ್ದರು. ರೋಗಾಣುವಿನ ಪುಡಿ ಕಡಿಮೆಯಾದಂತೆ ಕಾಲು ಬೀಳುವ ಪ್ರಾಣಿಗಳೂ ಕಡಿಮೆಯಾಗುತ್ತ ಹೋದವು. ಮಿದುಳಿನ ಪ್ರಮಾಣವನ್ನು ನಾವು ಬದಲಿಸಿರಲೇ ಇಲ್ಲ.

ಎಲ್ಲಕ್ಕಿಂತ ದೊಡ್ಡ ಆಶ್ಚರ್ಯ ನಾವು ಬಯಸದೆಯೇ ಬಂತು. ಬೇಸಿಗೆಯಲ್ಲಿ ಹೊಸ ಗಿನಿಪಿಗ್‌ಗಳು ಸಿಗದೆ ಕೆಲಸ ನಿಂತಿತ್ತು. ಬರೀ ಮಿದುಳಿನ ಸೂಜಿ ತೆಗೆದುಕೊಂಡು ಏನೂ ಆಗದೆ ಉಳಿದಿದ್ದ ಪ್ರಾಣಿಗಳು ಇದ್ದೇ ಇದ್ದವಲ್ಲ, ಅವಕ್ಕೇ ಈಗ ಪೂರ್ತಿ ಮಿಶ್ರಣ ಕೊಡೋಣ ಎಂದರು ಡಾಕ್ಟರು. ಅವುಗಳಿಗೆ ಮಿದುಳಿನ ಪರಿಚಯ ಮೊದಲೇ ಇರುವುದರಿಂದ ರೋಗ ಇನ್ನೂ ಬೇಗ, ಇನ್ನೂ ಜೋರಾಗಿ ಬರುತ್ತದೆಂದು ಇಬ್ಬರೂ ಅಂದುಕೊಂಡೆವು. ಅದೇ ಕಲ್ಬತ್ತಿನಿಂದ, ಅದೇ ದಿನ, ಹೇಗೋ ಸಿಕ್ಕಿದ್ದ ಕೆಲವು ಹೊಸ ಪ್ರಾಣಿಗಳಿಗೂ ಕೊಟ್ಟೆವು.

ಹೊಸವುಗಳ ಕಾಲು ಬಿತ್ತು. ಹಳೆಯವು ಓಡಾಡಿಕೊಂಡಿದ್ದವು.

ಡಾಕ್ಟರು ಮೊದಲು ನನ್ನನ್ನೇ ಕೇಳಿದರು, "ಸೂಜಿ ಸರಿಯಾಗಿ ಹೋಗಿತ್ತಾ?" ಹೋಗಿತ್ತು. ಚರ್ಮದ ಕೆಳಗೆ ಎಣ್ಣೆಯ ಗಂಟು ಕೈಗೆ ಸಿಗುತ್ತಿತ್ತು. ಇನ್ನೊಂದು ವಾರ ಕಾದೆವು, ಮತ್ತೊಂದು ವಾರ. ಒಂದೆರಡು ಸ್ವಲ್ಪ ತೂಕ ಇಳಿದು ಮತ್ತೆ ಏರಿಸಿಕೊಂಡವು, ಅಷ್ಟೇ. ಯಾವ ವಸ್ತು ಅನುಪಾನದ ಜೊತೆ ಹೋದಾಗ ಮೈಯನ್ನು ಕೆರಳಿಸಿತ್ತೋ, ಅದೇ ವಸ್ತು ಒಂಟಿಯಾಗಿ ಮೊದಲೇ ಹೋಗಿದ್ದರೆ ಮೈಯನ್ನು ಸಮಾಧಾನ ಮಾಡಿತ್ತು! ಇದನ್ನು ಅರ್ಥಮಾಡಿಕೊಂಡ ಮಧ್ಯಾಹ್ನ ಡಾಕ್ಟರು ಮಾವಿನ ಮರದ ಕೆಳಗೆ ಆ ಕಡೆಯಿಂದ ಈ ಕಡೆಗೆ ನಡೆಯುತ್ತಲೇ ಇದ್ದರು. ಊಟದ ಡಬ್ಬಿ ತೆರೆಯಲಿಲ್ಲ. "ಇದು ನಮಗೊಬ್ಬರಿಗೇ ಕಂಡಿರಲ್ಲ. ಬೇರೆ ಕಡೆಯೂ ಯಾರೋ ನೋಡಿರ್ತಾರೆ. ಇರ್ಲಿ, ನಮಗೂ ಕಾಣಿಸ್ತಲ್ಲಮ್ಮ!" ಎಂದರು. ಅಂಥ ಗಂಭೀರ ಮನುಷ್ಯ ಕಣ್ಣೊರೆಸಿಕೊಂಡದ್ದನ್ನು ಕಂಡೂ ಕಾಣದವಳಂತೆ ಮುಖ ತಿರುಗಿಸಿದೆ.

ರಾತ್ರಿ ಊಟದ ಹೊತ್ತಿಗೆ ಮನೆಯಲ್ಲಿ ಎಲ್ಲ ಹೇಳಿದೆ. ಅಣ್ಣ ತುತ್ತು ಕೈಯಲ್ಲೇ ಹಿಡಿದು, "ಹಾಗಾದ್ರೆ ನಾಯಿ ಕಚ್ಚೋಕೆ ಮುಂಚೆಯೇ ನನಗೆ ಒಂಚೂರು ಕೊಟ್ಟಿದ್ದಿದ್ರೆ?" ಎಂದ.

"ಗೊತ್ತಿಲ್ಲಣ್ಣ. ನಿನ್ನ ಮದ್ದಲ್ಲೂ ಎಣ್ಣೆ ಇರ್ಲಿಲ್ಲ, ಆದ್ರೂ ಬಂತು. ಪ್ರಾಣಿಗೆ ಆಗಿದ್ದು ಮನುಷ್ಯರಿಗೆ ಆಗೇ ಆಗತ್ತೆ ಅಂತ ಹೇಳೋಕಾಗಲ್ಲ ಅಂತಾರೆ ಡಾಕ್ಟರು."

ಅಪ್ಪ ನಗುತ್ತ, "ನಿಮ್ಮ ಡಾಕ್ಟರ ಬಾಯಲ್ಲಿ ಗೊತ್ತಿಲ್ಲ ಅನ್ನೋದೇ ಜಾಸ್ತಿ" ಎಂದರು. ಅಮ್ಮ ಬಡಿಸುತ್ತಿದ್ದವಳು ನಿಂತು ಕೇಳಿದಳು: "ಹೊಸ ಇಲಿಗಳ ಕಾಲು ಬಿತ್ತಲ್ಲ, ಅವಕ್ಕೆ ನೀರು ಯಾರು ಕುಡಿಸ್ತಾರೆ?" ಗಿನಿಪಿಗ್ಗಿಗೆ ಅವಳು ಕೊನೆಯವರೆಗೂ ಇಲಿ ಎಂದೇ ಹೇಳಿದಳು. ತಾತ ಕುಡಿಸುತ್ತಾರೆ ಎಂದೆ. ಮರುದಿನದಿಂದ ನನ್ನ ಚೀಲದಲ್ಲಿ ಅಡುಗೆಗೆ ಬಿಡಿಸಿ ಉಳಿದ ಸೊಪ್ಪಿನ ದಂಟು, ಸೌತೆಸಿಪ್ಪೆ ಬಟ್ಟೆಯಲ್ಲಿ ಕಟ್ಟಿಟ್ಟಿರುತ್ತಿತ್ತು.

ಆ ಪ್ರಯೋಗಾಲಯದಲ್ಲಿ ಇನ್ನೂ ಕೆಲವು ವರ್ಷ ಕೆಲಸ ಮಾಡಿದೆ. ರೋಗ ಬರಿಸುವುದು ಕಲಿತೆವು, ತಡೆಯುವುದನ್ನು ಅಲ್ಪಸ್ವಲ್ಪ ಕಂಡೆವು, ಬಂದ ಮೇಲೆ ವಾಸಿಮಾಡುವುದು ನಮಗೆ ಒಲಿಯಲಿಲ್ಲ. ಡಾಕ್ಟರಿಗೆ ವಯಸ್ಸಾಗಿ ಬಾಗಿಲು ಹಾಕಿದಾಗ ನಾನು ಕಾಲೇಜಿಗೆ ಪಾಠ ಹೇಳಲು ಹೋದೆ. ಅಣ್ಣನಿಗೆ ಮದುವೆಯಾಯಿತು, ಅಂಗಡಿ ಅವನದಾಯಿತು. ನಾಯಿ ಕಚ್ಚಿದವರಿಗೆ ಮಿದುಳಿಲ್ಲದ ಮದ್ದು ಬಂದದ್ದು ಎಷ್ಟೋ ಕಾಲದ ಮೇಲೆ.

ಈಗಲೂ ಕಣ್ಣಿಗೆ ಕಟ್ಟಿರುವುದು ಬೇರೆಯೇ ಒಂದು ದಿನ. ರೋಗ ಬಾರದೆ ಉಳಿದ ಆ ಹಳೆಯ ಗಿನಿಪಿಗ್‌ಗಳಲ್ಲಿ ಒಂದರ ಬೆನ್ನುಹುರಿಯನ್ನು ನೋಡುವುದಿತ್ತು. ಏನೂ ಇರುವುದಿಲ್ಲವೆಂದೇ ಕಣ್ಣಿಟ್ಟೆ. ಇತ್ತು. ಒಂದು ರಕ್ತನಾಳದ ಪಕ್ಕದಲ್ಲಿ ನಾಲ್ಕಾರು ನೇರಳೆ ಚುಕ್ಕೆಗಳು ಬಂದು ನಿಂತಿದ್ದವು. ಜಗಳಕ್ಕೆಂದು ಹೊರಟು ಬಂದವು ಹೊಸ್ತಿಲು ದಾಟಿರಲಿಲ್ಲ. ಯಾರು ತಡೆದರು? ಡಾಕ್ಟರು ನೋಡಿದರು, ನಾನು ನೋಡಿದೆ, ಮತ್ತೆ ಅವರು ನೋಡಿದರು. ಬಿಸಿಲು ಮಾವಿನ ಮರದ ಹಿಂದೆ ಸರಿದು ಸೂಕ್ಷ್ಮದರ್ಶಕದ ಕನ್ನಡಿಗೆ ಬೆಳಕು ಸಾಲದಾಗುವವರೆಗೂ ಸರದಿಯ ಮೇಲೆ ನೋಡುತ್ತಲೇ ಇದ್ದೆವು. ಆಮೇಲೆ ಅವರು ಗಾಜಿನ ಪಟ್ಟಿಯನ್ನು ಬಟ್ಟೆಯಿಂದ ಒರೆಸಿ ಪೆಟ್ಟಿಗೆಯಲ್ಲಿಟ್ಟರು. ನಾನು ಕೈ ತೊಳೆದುಕೊಂಡು ಬಸ್ಸಿಗೆ ಹೊರಟೆ.